ಸೋಫಾ ಭಾವನ ಜೀಪು ಹೊಳೆ ದಾಟಿದ್ದು

ನಮ್ಮ ಅಕ್ಕನ ಗಂಡನನ್ನು ಊರೆಲ್ಲ ‘ಸೋಫಾ ಭಾವ’ ಎಂದೇ ಕರೆಯುತ್ತಿತ್ತು. ನನಗೆ ಭಾವ ಸರಿ, ಊರಿಗೆಲ್ಲ ಹೇಗೆ ಭಾವನಾದರು ಅಂತೀರಾ? ನಾನು ದಿನಾ ಅಂಗಡಿ ಬಾಗಿಲಲ್ಲಿ ನಿಂತು “ಭಾವಾ” ಎಂದು ಕೂಗುವುದನ್ನು ಎದುರು ಅಂಗಡಿಯ ಕ್ಷೌರಿಕ ಕೇಳಿಸಿಕೊಂಡ. ಅವನ ಬಾಯಿಗೆ ಬಿದ್ದ ಮಾತು ಊರಿಗೆ ಹಬ್ಬಲು ಎರಡು ತಲೆ ಕತ್ತರಿಸುವಷ್ಟು ಹೊತ್ತು ಸಾಕು. ಕೊನೆಗೆ ನಮ್ಮ ಅಪ್ಪ, ಅಂದರೆ ಅವರ ಸ್ವಂತ ಮಾವ, ಒಂದು ದಿನ ಬಾಯಿತಪ್ಪಿ “ಏನು ಭಾವ, ಊಟ ಆಯ್ತಾ?” ಎಂದುಬಿಟ್ಟರು. ಅಕ್ಕ ಆ ವಾರವೆಲ್ಲ ನಕ್ಕಳು.

ಭಾವನ ಕೆಲಸ ಸೀಟು ಕಟ್ಟುವುದು. ಸೋಫಾ, ಕುರ್ಚಿ, ಬಸ್ಸಿನ ಸೀಟು, ಸ್ಕೂಟರಿನ ಸೀಟು, ಮನುಷ್ಯ ಕೂರುವಂಥದ್ದು ಏನೇ ಇರಲಿ, ಅದಕ್ಕೆ ಸ್ಪಂಜು ತುಂಬಿ ರೆಕ್ಸಿನ್ ಹೊದಿಸಿ ಕೊಡುತ್ತಿದ್ದರು. ಹೊಲಿಗೆ ಅಕ್ಕನದು. ಅಂಗಡಿಯ ಮುಂದೆ ಬೆಳಕಿಗೆ ಅಕ್ಕನ ಹೊಲಿಗೆ ಯಂತ್ರ, ಹಿಂದೆ ನೆಲದ ಮೇಲೆ ಭಾವ, ಅವರ ಸುತ್ತ ಕಾಲು ಮೇಲೆ ಮಾಡಿ ಬಿದ್ದ ಕುರ್ಚಿಗಳು. ಭಾವನ ಬಾಯಿ ತುಂಬ ಸಣ್ಣ ಮೊಳೆ. ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಬೆರಳಲ್ಲಿ ಹಿಡಿದು, ಟಕ್ ಎಂದು ಹೊಡೆಯುವುದು. ಹಾಗಾಗಿ ಹಗಲೆಲ್ಲ ಅವರ ಮಾತು ಒಂದೇ, “ಹ್ಞೂಂ”. ಅಕ್ಕ ಬಲು ಚಾಲಾಕಿ. ಮನೆಯ ದೊಡ್ಡ ದೊಡ್ಡ ತೀರ್ಮಾನಗಳಿಗೆಲ್ಲ ಆ ಹೊತ್ತಿನಲ್ಲೇ ಒಪ್ಪಿಗೆ ಕೇಳುತ್ತಿದ್ದಳು.

ಒಂದು ಸಲ ಭಾವ ಮೊಳೆ ತುಂಬಿದ ಬಾಯಲ್ಲೇ ಸೀನಿದರು. ಎದುರು ಗೋಡೆಯಲ್ಲಿ ಗಾಳಿಗೆ ಹಾರಾಡುತ್ತಿದ್ದ ಕ್ಯಾಲೆಂಡರಿನ ನಾಲ್ಕೂ ಮೂಲೆಗೆ ಮೊಳೆ ಕೂತವು. ಐದನೆಯದು ಎಲ್ಲಿ ಹೋಯಿತೆಂದು ಸಂಜೆ ಗಿರಾಕಿಯೊಬ್ಬ ಬಂದು ಕುಳಿತಾಗ ಗೊತ್ತಾಯಿತು. ನಗಬೇಡಿ, ಆ ಗಿರಾಕಿಯನ್ನು ಎಬ್ಬಿಸಿ ನಿಲ್ಲಿಸಿದವನು ನಾನೇ. ಇನ್ನೊಮ್ಮೆ ಹಲ್ಲಿನ ಡಾಕ್ಟರ ಕುರ್ಚಿಗೆ ಹೊಸ ಸ್ಪಂಜು ಹಾಕಿಕೊಟ್ಟರು. ಕುರ್ಚಿ ಎಷ್ಟು ಮೆತ್ತಗಿತ್ತೆಂದರೆ, ಹಲ್ಲು ಕೀಳಿಸಿಕೊಳ್ಳಲು ಬಂದವರು ಒರಗಿದ ಕೂಡಲೇ ನಿದ್ದೆ ಹೋಗುತ್ತಿದ್ದರು. ಹಲ್ಲು ಕಿತ್ತದ್ದೂ ತಿಳಿಯುತ್ತಿರಲಿಲ್ಲ. ಅವರನ್ನು ಎಬ್ಬಿಸಲು ಡಾಕ್ಟರು ಪಕ್ಕದ ಇನ್ನೊಂದು ಹಲ್ಲಿಗೆ ಕೈ ಹಾಕಬೇಕಾಗುತ್ತಿತ್ತು.

ಹೀಗೆ ಊರನ್ನೆಲ್ಲ ಕೂರಿಸಿದ ಮನುಷ್ಯ ಮಾತ್ರ ನೆಲ ಬಿಟ್ಟು ಎದ್ದವರಲ್ಲ. ಅವರು ಕಟ್ಟಿದ ಸೀಟುಗಳು ಬಸ್ಸು ಹತ್ತಿ ಎಲ್ಲೆಲ್ಲೋ ಸುತ್ತಿ ಬರುತ್ತಿದ್ದವು, ಭಾವ ಅವು ಹರಿದು ವಾಪಸು ಬರುವುದನ್ನು ಕಾಯುತ್ತಿದ್ದರು. ಅಂಗಡಿಯ ಹಿತ್ತಿಲ ಬಾಗಿಲು ತೆಗೆದರೆ ದೂರದಲ್ಲಿ ಹೊಳೆ, ಹೊಳೆಯಾಚೆ ಒಂದು ಗುಡ್ಡ, ಗುಡ್ಡದ ನೆತ್ತಿ ಮೇಜಿನಂತೆ ಮಟ್ಟ. “ಅಲ್ಲಿ ಒಂದು ದಿನ ಕೂತ್ಕೋಬೇಕು ಕಣೋ ಭಾವಮೈದ,” ಎನ್ನುತ್ತಿದ್ದರು, ಮೊಳೆ ಖಾಲಿಯಾದ ಗಳಿಗೆಯಲ್ಲಿ.

ಜೀಪು ಬಂದದ್ದು ಆ ಆಸೆಯಿಂದ. ಯಾರೋ ಒಬ್ಬ ಹಳೆಯ ಫೋರ್ ವೀಲ್ ಜೀಪಿಗೆ ಸೀಟು ಕಟ್ಟಿಸಲು ತಂದನಂತೆ. ಹೊಸ ಸೀಟು ನೋಡಿ, “ಈ ಸೀಟಿನ ಮುಂದೆ ಜೀಪಿಗೆ ಮರ್ಯಾದೆಯೇ ಇಲ್ಲ,” ಎಂದು ಸೀಟನ್ನು ಬಿಚ್ಚಿಕೊಂಡು ಜೀಪನ್ನು ಅಲ್ಲೇ ಬಿಟ್ಟು ಹೋದನಂತೆ. ಅಕ್ಕ ಹೇಳುವುದೇ ಬೇರೆ, ಕೂಡಿಟ್ಟಿದ್ದನ್ನೆಲ್ಲ ಕೊಟ್ಟು ಕೊಂಡರು ಎನ್ನುತ್ತಾಳೆ. ನನ್ನ ಕತೆ ಕೇಳೋಕೆ ಚೆನ್ನಾಗಿದೆ, ಅದನ್ನೇ ಇಟ್ಟುಕೊಳ್ಳಿ.

ಗುಡ್ಡಕ್ಕೆಂದು ಹೊರಟ ಮೊದಲ ಸಲ ರೇಡಿಯೇಟರ್ ಕುದಿಯಿತು, ಟ್ರಾಕ್ಟರಿನ ಹಿಂದೆ ಕಟ್ಟಿಸಿಕೊಂಡು ಮನೆಗೆ ಬಂದೆವು. ಮುಂದಿನ ಸಲ ಫ್ಯಾನ್ ಬೆಲ್ಟ್ ಹರಿಯಿತು, ಹಾಲಿನ ಲಾರಿ ಎಳೆದು ತಂದಿತು. ಅದರ ಮುಂದಿನ ಸಲ ಆಕ್ಸಲ್ ಮುರಿದಾಗ ಸಿಕ್ಕಿದ್ದು ಕಸದ ಲಾರಿ. ಪಾಪ, ಲಾರಿಯವನು ತನ್ನ ಕೆಲಸ ಬಿಡುವಂತಿಲ್ಲ. ದಾರಿಯ ಪ್ರತಿ ತೊಟ್ಟಿಯ ಮುಂದೆಯೂ ನಿಂತು ಕಸ ತುಂಬಿಕೊಂಡೇ ಬಂದ. ಅವನ ಹಿಂದೆ ನಮ್ಮ ಜೀಪು, ಜೀಪಿನ ಮುಂದಿನ ಸೀಟಲ್ಲಿ ಒಳ್ಳೆ ಬಟ್ಟೆ ಉಟ್ಟು ತಲೆ ಬಾಚಿಕೊಂಡ ಅಕ್ಕ. ಒಬ್ಬಾಕೆ ಅವಸರದಲ್ಲಿ ಓಡಿ ಬಂದು ಮನೆಯ ಕಸದ ಬುಟ್ಟಿಯನ್ನು ಅಕ್ಕನ ಕೈಗೇ ಕೊಟ್ಟುಬಿಟ್ಟಳು.

ಮರುದಿನ ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ಎದ್ದು ಬಂದಳು.

“ರೀ, ಇಲ್ಲಿ ಕೇಳಿ. ಮೊದ್ಲು ಬಾಯಲ್ಲಿರೋ ಮೊಳೆ ಉಗೀರಿ. ಇವತ್ತು ಹ್ಞೂಂ ಅಂದ್ರೆ ನಡಿಯಲ್ಲ.”

ಭಾವ ಮೊಳೆಗಳನ್ನು ಅಂಗೈಗೆ ಉಗಿದುಕೊಂಡರು.

“ಇನ್ನೊಂದೇ ಸಲ. ಆ ಗುಡ್ಡಕ್ಕೆ ಹೋಗಿ, ಅದು ತನ್ನ ಎಂಜಿನ್ನಲ್ಲಿ ತಾನೇ ಮನೆಗೆ ಬಂತೋ, ಇರ್ಲಿ. ಯಾರಾದ್ರೂ ಎಳ್ಕೊಂಡು ಬಂದ್ರೋ, ಮಾರನೇ ದಿನಾನೇ ಗುಜರಿಗೆ.”

“ತಳ್ಳಬಹುದಾ?” ಭಾವ ಮೆಲ್ಲಗೆ ಕೇಳಿದರು.

ಅಕ್ಕ ನನ್ನ ಕಡೆ ನೋಡಿದಳು. “ತಳ್ಳಬಹುದು. ತಮ್ಮ ಇದಾನಲ್ಲ, ಸುಮ್ನೆ ತಿಂದ್ಕೊಂಡು.”

ಗುಜರಿಯವನು ಎಲ್ಲಿಂದ ಈ ಸುದ್ದಿ ಮೂಸಿದನೋ, ಅವತ್ತೇ ಸಂಜೆ ಬಂದು ಜೀಪಿನ ಬಾನೆಟ್ ಮೇಲೆ ಗೆಣ್ಣಿನಿಂದ ತಟ್ಟಿ ನೋಡಿದ. “ದಪ್ಪ ತಗಡು ಕಣಕ್ಕಾ. ಈಗಿನ ಕಾಲದಲ್ಲಿ ಸಿಗಲ್ಲ.” ಆಮೇಲೆ ದಿನಾ ಬರತೊಡಗಿದ. ಮೈಗೆ ಹುಷಾರಿಲ್ಲದವರನ್ನು ನೋಡಲು ಬರುವ ನೆಂಟನ ಹಾಗೆ ಬಂದು, ಸುತ್ತು ಹಾಕಿ, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದ.

ಭಾವ ಹಟಕ್ಕೆ ಬಿದ್ದರು. ಮೂಲೆಯ ಗ್ಯಾರೇಜಿನ ಮೇಸ್ತ್ರಿ ಆಕ್ಸಲ್ ಕೂರಿಸಿಕೊಟ್ಟ, ರೇಡಿಯೇಟರಿಗೆ ಬೆಸುಗೆ ಹಾಕಿದ, ಗಾಡಿ ನೋಡಿಕೊಳ್ಳುವ ಪಾಠವನ್ನೂ ಹೇಳಿದ. ಮಣ್ಣಿನ ದಾರಿಯಲ್ಲಿ ಓಡಿಸಿ ಬಂದರೆ ಮೇಲಿನ ಧೂಳು ಒರೆಸದಿದ್ದರೂ ಪರವಾಗಿಲ್ಲ, ಅಡಿ ತೊಳೀಬೇಕು. ತೊಳೆದ ಮೇಲೆ ಕೀಲುಗಳಿಗೆಲ್ಲ ಗ್ರೀಸು. ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡಬೇಕು, ನೀರಿನ ರಬ್ಬರ್ ಪೈಪನ್ನು ಹಿಚುಕಿ ನೋಡಬೇಕು. ಒತ್ತಿ ಹಿಚುಕುವುದನ್ನು ಭಾವನಿಗೆ ಯಾರೂ ಕಲಿಸಬೇಕಿರಲಿಲ್ಲ, ಜೀವಮಾನವೆಲ್ಲ ಸ್ಪಂಜು ಹಿಚುಕಿದ ಕೈ. ಬೆಳಿಗ್ಗೆ ಎದ್ದ ಕೂಡಲೇ ಜೀಪಿನ ಹತ್ತಿರ ಹೋಗಿ ಪೈಪುಗಳನ್ನು ಮುಟ್ಟಿ ಮುಟ್ಟಿ ಮಾತಾಡಿಸುತ್ತಿದ್ದರು. ಅಕ್ಕ ಅಡುಗೆಮನೆಯ ಕಿಟಕಿಯಿಂದ ನೋಡಿ, “ನಂಗೆ ಜ್ವರ ಬಂದಾಗ ಹಣೆ ಮುಟ್ಟಿದ್ರಾ ಹೀಗೆ?” ಎಂದು ಕೂಗುತ್ತಿದ್ದಳು.

ಮೇಸ್ತ್ರಿಯ ಕೆಲಸ ಮುಗಿದ ಮೇಲೆ ಭಾವ ತಮ್ಮ ಕೆಲಸ ಶುರು ಮಾಡಿದರು. ಅಬ್ಬಾ, ಆ ಕೆಲಸ! ಎಂಜಿನ್ನಿನ ಕಿಡಿ ಹಂಚುವ ಡಬ್ಬಿಗೆ ನೀರು ಸಿಡಿಯಬಾರದೆಂದು ಅದಕ್ಕೊಂದು ರೆಕ್ಸಿನ್ ಟೋಪಿ. ಒಳಗಿನ ಪಕ್ಕದ ಗೋಡೆಗೆ ಜೇಬುಗಳ ಸಾಲು. ಜಾಕಿಗೆ ಜಾಕಿಯ ಆಕಾರದ ಜೇಬು, ನಟ್ಟು ಬಿಚ್ಚುವ ಪಾನಕ್ಕೆ ಪಾನದ ಆಕಾರದ ಜೇಬು, ಹೆಚ್ಚುವರಿ ಬೆಲ್ಟಿಗೆ ದುಂಡನೆಯದು. ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದ್ದೇ ಸಿಗಬೇಕು. ಟಾಪಿಗೆ ಮೇಣ ತಿಕ್ಕಿದ ಕ್ಯಾನ್ವಾಸು, ಅದರ ಪಕ್ಕದಲ್ಲಿ ಸುರುಳಿ ಬಿಚ್ಚಿ ಎಳೆದರೆ ನೆರಳಿಗೊಂದು ಚಪ್ಪರ. ಬಾಗಿಲ ಸುತ್ತ ಧೂಳು ನುಗ್ಗದಂತೆ ದಪ್ಪ ಅಂಚು. ಕೊನೆಗೆ ನೆಲ. ಜೀಪಿನ ನೆಲದ ತಗಡಿನಲ್ಲಿ ಅಲ್ಲಲ್ಲಿ ರಬ್ಬರ್ ಬಿರಡೆ ಹಾಕಿದ ತೂತುಗಳಿದ್ದವು. ಸೀಟು ಕಟ್ಟುವವನ ಕಣ್ಣಿಗೆ ತೂತು ಬಿದ್ದರೆ ಮುಗಿಯಿತು, ಅದನ್ನು ಮುಚ್ಚುವ ತನಕ ಊಟ ಸೇರುವುದಿಲ್ಲ. ಇಡೀ ನೆಲಕ್ಕೆ ಗೋಂದು ಬಳಿದು, ಗೇಣು ದಪ್ಪದ ಸ್ಪಂಜು ಅಂಟಿಸಿ, ಮೇಲೆ ಗಾಢ ಕೆಂಪು ರೆಕ್ಸಿನ್ ಹೊದಿಸಿದರು. ರೆಕ್ಸಿನ್ ಪಟ್ಟಿಗಳನ್ನು ಜೋಡಿಸಿ ಹೊಲಿದವಳು ಅಕ್ಕ. ಬೈಯುತ್ತಲೇ ಹೊಲಿದಳು, ಆದರೆ ಅವಳ ಹೊಲಿಗೆ ಹೇಗಿತ್ತೆಂದರೆ ಇರುವೆ ಆ ದಾರದ ಮೇಲೆ ನಡೆದರೆ ಎಡವಲು ಜಾಗ ಇರಲಿಲ್ಲ. ಜನ ಚಪ್ಪಲಿ ಬಿಟ್ಟು ಒಳಗೆ ಹತ್ತಿ ನೋಡಿ ಹೋಗುತ್ತಿದ್ದರು. ಕ್ಷೌರಿಕ ಮಧ್ಯಾಹ್ನ ಅಲ್ಲೇ ಮಲಗಲು ಬರುತ್ತಿದ್ದ. ಜೀಪಿನ ನೆಲವನ್ನು ಅಷ್ಟು ಚೆಂದ ಮಾಡಿದ್ದು ಭಾವನ ಬಾಳಿನ ದೊಡ್ಡ ಕೆಲಸ. ನೀರು ಬಂದರೆ ಹೊರಗೆ ಹೋಗಲೆಂದು ಆ ತೂತುಗಳಿದ್ದದ್ದು ಅವರಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ.

ಹೊರಡುವ ಬೆಳಿಗ್ಗೆ ಗೇಟಿನಲ್ಲಿ ಗುಜರಿಯವನು ನಿಂತಿದ್ದ, ತಲೆಗೆ ಟವೆಲ್ ಸುತ್ತಿ, ಕೈಯಲ್ಲಿ ಊಟದ ಡಬ್ಬಿ ಹಿಡಿದು.

“ನೀನೆಲ್ಲಿಗಯ್ಯಾ?” ಎಂದರು ಭಾವ.

“ಯಜಮಾನ್ರೇ, ಇದು ನನ್ನ ಮಾಲು ಆಗೋದಿದೆ. ಎಲ್ಲೋ ಕಾಡಲ್ಲಿ ಬಿದ್ಕೊಂಡ್ರೆ ತಗಡಿಗೆ ಪೆಟ್ಟಾಗಲ್ವಾ? ಜೊತೇಲಿ ಬರ್ತೀನಿ.”

“ಇಳಿಯೋ ಕೆಳಗೆ!” ಎಂದೆ ನಾನು. ಅವನು ಆಗಲೇ ಹತ್ತಿ ಕೂತಿದ್ದ.

“ಬರ್ಲಿ ಬಿಡೋ,” ಎಂದಳು ಅಕ್ಕ. “ಸಾಕ್ಷಿಗೆ ಒಬ್ಬ ಬೇಕು.”

ಊರು ದಾಟಿತು, ಟಾರು ಮುಗಿಯಿತು, ಕಲ್ಲು ದಾರಿ ಬಂತು. ಜೀಪು ಎಂಥ ಸದ್ದೂ ಮಾಡಲಿಲ್ಲ. ಅಕ್ಕ ಮಾತ್ರ ಪ್ರತಿ ತಿರುವಿಗೂ “ಏನೋ ವಾಸನೆ ಬರ್ತಿದೆ” ಎನ್ನುತ್ತಿದ್ದಳು. ಗುಜರಿಯವನು ಪ್ರತಿ ಹಳ್ಳಕ್ಕೂ ಬಗ್ಗಿ ಕೆಳಗೆ ಏನಾದರೂ ಉದುರಿತೇ ಎಂದು ನೋಡುತ್ತಿದ್ದ. ಹಾಗೇ ಹೊಳೆ ಬಂತು.

ಭಾವ ಫೋರ್ ವೀಲ್ ಹಾಕಿ, ಸಣ್ಣ ಗೇರಿನಲ್ಲಿ ಮೆಲ್ಲಗೆ ನೀರಿಗಿಳಿಸಿದರು. ಚಕ್ರ ಮುಳುಗಿತು, ಮೆಟ್ಟಿಲು ಮುಳುಗಿತು. ಒಳಗೆ ಒಂದು ಹನಿ ಇಲ್ಲ.

“ನೋಡಿದ್ಯೇನೇ?” ಭಾವನ ಎದೆ ಸ್ಟೇರಿಂಗಿಗೆ ತಾಗುವಷ್ಟು ಉಬ್ಬಿತು. “ಹಡಗು ಕಟ್ಟೋರು ಬಂದು ಕಲೀಬೇಕು.”

ಮಾತು ಮುಗಿದಿರಲಿಲ್ಲ, ನಡುಹೊಳೆಯ ಗುಂಡಿಗೆ ಮುಂದಿನ ಚಕ್ರ ಇಳಿಯಿತು. ನೀರು ಬಾಗಿಲ ದಪ್ಪ ಅಂಚನ್ನು ದಾಟಿ ಮೇಲಿನಿಂದ ಒಳಗೆ ಬಂತು. ಬಂದದ್ದು ಹೋಗಲಿಲ್ಲ. ಗುಜರಿಯವನು ಊಟದ ಡಬ್ಬಿ ತಲೆ ಮೇಲಿಟ್ಟುಕೊಂಡು ಸೀಟಿನ ಮೇಲೆ ಕುಕ್ಕರಗಾಲಲ್ಲಿ ಕೂತ. ಎಂಜಿನ್ ಮಾತ್ರ ತನ್ನ ರೆಕ್ಸಿನ್ ಟೋಪಿ ಹಾಕಿಕೊಂಡು ಗುರ್ ಅನ್ನುತ್ತಲೇ ಇತ್ತು. ಜೀಪು ಗುಂಡಿಯಿಂದ ಎದ್ದು ಆಚೆ ದಡದ ಏರಿಗೆ ಮೂತಿ ಇಟ್ಟು, ಅಲ್ಲಿ ನಿಂತಿತು. ಚಕ್ರ ತಿರುಗುತ್ತದೆ, ಕೆಸರು ಹಾರುತ್ತದೆ, ಗಾಡಿ ಮೇಲಕ್ಕೆ ಹೋಗುವುದಿಲ್ಲ.

ಬಾಗಿಲು ತೆಗೆಯದೆ ಮೇಲಿಂದಲೇ ದಾಟಿ ಇಳಿದು ನೋಡಿದೆವು. ಹೊರಗೆ ನಮ್ಮ ಮೊಣಕಾಲಿಗೂ ಬಾರದ ನೀರು, ಒಳಗೆ ತೊಡೆ ತನಕ! ಬಾಗಿಲು ತೆಗೆದೆವು. ಹಳೆ ಜೀಪಿನ ಬಾಗಿಲು ನೆಲಮಟ್ಟಕ್ಕಿರುವುದಿಲ್ಲ, ತೊಟ್ಟಿಯ ಕಟ್ಟೆಯ ಹಾಗೆ ಒಂದು ಅಂಚು ಇರುತ್ತದೆ. ಅಂಚಿನ ಮೇಲಿದ್ದ ನೀರು ದಬದಬ ಚೆಲ್ಲಿತು, ಕೆಳಗಿನದು ಅಲ್ಲೇ ಉಳಿಯಿತು. ಅದರ ಅಡಿಯಲ್ಲಿ ಆ ಗೇಣು ದಪ್ಪದ ಸ್ಪಂಜು ಕುಡಿಯಬಲ್ಲಷ್ಟು ಕುಡಿದು ಉಬ್ಬಿತ್ತು. ಭಾರವೆಲ್ಲ ಹಿಂದಕ್ಕೆ ಜಾರಿ, ಮುಂದಿನ ಚಕ್ರಗಳು ನೆಲವನ್ನು ಸುಮ್ಮನೆ ಸವರುತ್ತಿದ್ದವು. ಒಳಗೆ ಮೀನು ಈಜುತ್ತಿದ್ದವು. ನನ್ನ ತೋಳಿನಷ್ಟು ಉದ್ದದ ಮೀನು. ಸರಿ, ಅರ್ಧ ತೋಳು ಅಂದ್ಕೊಳ್ಳಿ. ಅಕ್ಕನನ್ನು ಕೇಳಿದರೆ ಬೆರಳು ತೋರಿಸುತ್ತಾಳೆ.

ತಳ್ಳಿದೆವು. ನಾನು ತಳ್ಳಿದೆ, ಗುಜರಿಯವನೂ ತಳ್ಳಿದ. ಜೀಪು ಅಲ್ಲಾಡಲಿಲ್ಲ. ಗುಜರಿಯವನು ಸೊಂಟಕ್ಕೆ ಕೈ ಇಟ್ಟು ದಾರಿಯ ಕಡೆ ನೋಡಿದ. “ಆ ತೋಟದ ಕಡೆ ಟ್ರಾಕ್ಟರ್ ಇದ್ದಂಗಿತ್ತು ಯಜಮಾನ್ರೇ. ಕರೀಲಾ?”

ಟ್ರಾಕ್ಟರ್ ಬಂದರೆ ಜೀಪು ಹೋಯಿತು ಎಂದು ಎಲ್ಲರಿಗೂ ಗೊತ್ತಿತ್ತು. ಭಾವ ನೀರಿನೊಳಗೆ ಕೈಯಿಳಿಸಿ ನೆಲವನ್ನು ತಡವಿದರು. ಒತ್ತಿದರು. ಒತ್ತಿದಲ್ಲಿ ಗುಳ್ಳೆ ಎದ್ದಿತು. ಆಗ ಅವರ ಮುಖ ನೋಡಬೇಕಿತ್ತು ನೀವು.

“ತೂತು!” ಎಂದರು. “ಆ ತೂತುಗಳು ಇದಕ್ಕೇ ಇದ್ದಿದ್ದು ಕಣೋ! ನೀರು ಹೋಗೋಕೆ! ನಾನೇ ಮುಚ್ಚಿಬಿಟ್ನಲ್ಲೋ!”

ಅವರ ಕಸುಬಿನ ಚೀಲ ಎಲ್ಲಿಗೆ ಹೋದರೂ ಜೊತೆಗಿರುತ್ತಿತ್ತು. ಅದರಿಂದ ರೆಕ್ಸಿನ್ ಕೊಯ್ಯುವ ಚೂರಿ ತೆಗೆದರು. ತೆಗೆದರು, ಬಗ್ಗಿದರು, ಹಾಗೇ ನಿಂತರು. ಆ ನೆಲವನ್ನು ಕೊಯ್ಯಲು ಅವರಿಗೆ ಕೈ ಬರಲಿಲ್ಲ.

“ಸರೀರಿ ಅತ್ಲಾಗೆ,” ಎಂದಳು ಅಕ್ಕ.

ಸೆರಗು ಬಿಗಿದು ಜೀಪಿಗೆ ಹತ್ತಿ, ನೀರಿನಲ್ಲಿ ಮಂಡಿಯೂರಿ ಕೂತಳು. ಭಾವನ ಕೈಯಿಂದ ಚೂರಿ ಕಿತ್ತುಕೊಂಡಳು.

“ಏ, ಹರೀಬೇಡ್ವೇ, ಮಹಾರಾಯ್ತಿ...”

“ಹರಿಯೋದ್ಯಾಕೆ? ಹೊಲಿದೋಳು ನಾನು. ಎಲ್ಲಿ ಬಿಚ್ಬೇಕು ಅಂತ ನಂಗ್ಗೊತ್ತಿಲ್ವಾ? ತೂತು ಎಲ್ಲಿತ್ತು ಅಷ್ಟು ಹೇಳಿ.”

“ನಿನ್ನ ಎಡಗೈ ಹತ್ರ... ಇನ್ನೂ ಹಿಂದೆ... ಹಾಂ, ಆ ಪಟ್ಟಿ ಸೇರೋ ಕಡೆ.”

ಕಣ್ಣಿಗೆ ಏನೂ ಕಾಣದ ಕೆಂಪು ನೀರಿನೊಳಗೆ ಅಕ್ಕ ಬೆರಳಿನಿಂದ ತನ್ನ ಹೊಲಿಗೆಯ ಸಾಲು ಹುಡುಕಿದಳು. ಚೂರಿಯ ತುದಿಯಿಂದ ಒಂದು ದಾರ ಎತ್ತಿ, ಕತ್ತರಿಸಿ, ಎಳೆದಳು. ಸರ್ರೆಂದು ಸಾಲು ಬಿಟ್ಟುಕೊಂಡಿತು. ರೆಕ್ಸಿನ್ನಿಗೆ ಒಂದು ಗೀರೂ ಬೀಳಲಿಲ್ಲ. ಭಾವ ಎರಡೂ ಕೈ ತೂರಿಸಿ ಸ್ಪಂಜಿನ ಮುದ್ದೆ ಕಿತ್ತು ಹೊರಗೆ ಎಸೆದರು. ಅದು ನೆನೆದ ಎಮ್ಮೆ ಬಿದ್ದ ಹಾಗೆ ಬಿತ್ತು. ಆಮೇಲೆ ಇಕ್ಕಳದಿಂದ ಬಿರಡೆ ಹಿಡಿದು ತಿರುಚಿ ಎಳೆದರು.

ಬಳಕ್!

ಜೀಪಿನ ಅಡಿಯಿಂದ ನೀರು ನಲ್ಲಿ ಬಿಟ್ಟ ಹಾಗೆ ಸುರಿಯಿತು. “ಇನ್ನೊಂದೆಲ್ಲಿ?” ಎಂದಳು ಅಕ್ಕ. ಅದರ ಹೊಲಿಗೆಯೂ ಬಿಚ್ಚಿತು, ಅದರ ಬಿರಡೆಯೂ ಬಂತು. ಒಂದೊಂದು ಬಿರಡೆ ಕಿತ್ತಾಗಲೂ ಜೀಪು ಸ್ಪ್ರಿಂಗಿನ ಮೇಲೆ ಒಂದಿಷ್ಟು ಮೇಲೇಳುತ್ತಿತ್ತು, ಹೊರೆ ಇಳಿಸಿದವರು ಬೆನ್ನು ನೆಟ್ಟಗೆ ಮಾಡುವ ಹಾಗೆ. ಗುಜರಿಯವನು ತನ್ನ ಲಾಭ ನಷ್ಟ ಎಲ್ಲ ಮರೆತು ಸ್ಪಂಜಿನ ಮೇಲೆ ಹತ್ತಿ ಕುಣಿದು ಕುಣಿದು ಹಿಂಡುತ್ತಿದ್ದ. “ಹೋಯ್ತು ನೋಡಕ್ಕಾ, ಹೋಯ್ತು!” ಎಂದು ಅವನೇ ಎಲ್ಲರಿಗಿಂತ ಜೋರಾಗಿ ಕಿರುಚಿದ.

ಭಾವ ಸ್ಟೇರಿಂಗ್ ಹಿಡಿದರು. ನಾನೂ ಗುಜರಿಯವನೂ ಹಿಂದೆ ಹೆಗಲು ಕೊಟ್ಟೆವು. ಅಕ್ಕ ದಡದ ಮೇಲೆ ನಿಂತು ಕೈ ಬೀಸಿದಳು. ಮುಂದಿನ ಚಕ್ರಗಳು ಮಣ್ಣು ಕಚ್ಚಿದವು. ಜೀಪು ಒಮ್ಮೆ ಕೊಸರಿಕೊಂಡು, ನಮ್ಮಿಬ್ಬರನ್ನೂ ಕೆಸರಿನಲ್ಲಿ ಬೋರಲು ಬೀಳಿಸಿ, ಸೀದಾ ದಡದ ಮೇಲೆ ಹೋಗಿ ನಿಂತಿತು. ನಾನು ಎದ್ದು ನೋಡಿದರೆ ಅಕ್ಕ ಚಪ್ಪಾಳೆ ತಟ್ಟುತ್ತಿದ್ದಳು. ನಾನು ನೋಡಿದ್ದು ಕಂಡು ನಿಲ್ಲಿಸಿದಳು.

ಆಮೇಲೆ ಗುಡ್ಡ ಹತ್ತಿದ್ದನ್ನು ಏನು ಹೇಳಲಿ! ಕಲ್ಲಿದ್ದರೆ ಕಲ್ಲು ಹತ್ತಿತು, ಕೊರಕಲಿದ್ದರೆ ಕೊರಕಲು ಇಳಿದು ಎದ್ದಿತು. ಒಂದು ಕಡೆ ದಾರಿ ಎಷ್ಟು ಕಡಿದಾಗಿತ್ತೆಂದರೆ ನಾವು ಸೀಟಿನಲ್ಲಿ ಕೂತಿರಲಿಲ್ಲ, ಬೆನ್ನ ಮೇಲೆ ಮಲಗಿ ಆಕಾಶ ನೋಡುತ್ತ ಹೋದೆವು. ಕಾಗೆಯೊಂದು ಕೆಳಗಿನಿಂದ ಹಾರಿ ಬಂದು, ಜೀಪು ನೋಡಿ, ದಾರಿ ಬಿಟ್ಟುಕೊಟ್ಟಿತು.

ನೆತ್ತಿ ನಿಜಕ್ಕೂ ಮೇಜಿನಂತೆ ಮಟ್ಟವಾಗಿತ್ತು. ಭಾವ ಚಪ್ಪರದ ಸುರುಳಿ ಎಳೆದರು, ನೆರಳಾಯಿತು. ಸ್ಪಂಜನ್ನು ಬಂಡೆಯ ಮೇಲೆ ಒಣಗಲು ಹಾಕಿದೆವು. ಊಟದ ಡಬ್ಬಿಗಳು ತೆರೆದವು, ಒದ್ದೆಯಾಗದೆ ಉಳಿದದ್ದು ಗುಜರಿಯವನದೊಂದೇ. ಅದನ್ನೇ ಎಲ್ಲರೂ ಹಂಚಿಕೊಂಡೆವು. ಕೆಳಗೆ ಊರು ಬೆಂಕಿಪೊಟ್ಟಣ ಚೆಲ್ಲಿದ ಹಾಗೆ ಕಾಣುತ್ತಿತ್ತು. ಭಾವ ತಮ್ಮ ಅಂಗಡಿ ಯಾವುದೆಂದು ಹುಡುಕಿದರು. ಸಿಗಲಿಲ್ಲ. ಸಿಗದಿದ್ದಕ್ಕೆ ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬಂಡೆಗೆ ಒರಗಿ ಕಾಲು ಚಾಚಿ ಕೂತರು. ಬಾಯಲ್ಲಿ ಮೊಳೆ ಇರಲಿಲ್ಲ, ಆದರೂ ಒಂದು ಮಾತೂ ಆಡಲಿಲ್ಲ.

“ಹೇಗಿದೆ ಸೀಟು?” ಎಂದಳು ಅಕ್ಕ.

“ಗಟ್ಟಿ,” ಎಂದರು ಭಾವ. “ಆದ್ರೂ ಚೆನ್ನಾಗಿದೆ ಕಣೇ.”

ವಾಪಸು ಬರುವಾಗ ಹೊಳೆಯಲ್ಲಿ ಬಿರಡೆಗಳನ್ನು ಹಾಕಲೇ ಇಲ್ಲ. ನೀರು ಒಳಗೆ ಬಂತು, ನಮ್ಮ ಪಾದ ತೊಳೆಯಿತು. ದಡ ಹತ್ತುವಾಗ ಅಡಿಯಿಂದ ಸುರಿದು ಹೋಯಿತು. ಭಾವ ಎಲ್ಲೂ ನಿಲ್ಲಿಸಲಿಲ್ಲ. ಈ ಸಲ ತಳ್ಳಲು ಇಳಿಯುವ ಕೆಲಸವೂ ನನಗೆ ಬರಲಿಲ್ಲ, ಹೊಳೆಯ ನಡುವೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ.

ಇನ್ನೂ ಬೆಳಕಿರುವಾಗಲೇ ಊರು ತಲುಪಿದೆವು. ಬೀದಿಯ ತುದಿಯಲ್ಲಿ ಮೇಸ್ತ್ರಿ ನಮ್ಮ ಮುಂದೆ ಯಾವ ಗಾಡಿಯೂ ಇಲ್ಲದ್ದನ್ನು ನೋಡಿ ಗ್ಯಾರೇಜಿನಿಂದ ಹೊರಗೆ ಬಂದ. ಕ್ಷೌರಿಕ ಅರ್ಧ ಕ್ಷೌರದ ಗಿರಾಕಿಯನ್ನು ಬಿಟ್ಟು ಓಡಿ ಬಂದ, ಆ ಗಿರಾಕಿಯೂ ಹೆಗಲ ಮೇಲಿನ ಬಟ್ಟೆ ಸಮೇತ ಓಡಿ ಬಂದ. ಭಾವ ಜೀಪನ್ನು ಗೇಟಿನ ಒಳಗೆ ತಂದು ನಿಲ್ಲಿಸಿ ಎಂಜಿನ್ ಆರಿಸಿದರು.

ಗುಜರಿಯವನು ಇಳಿದು ಬಾನೆಟ್ಟಿನ ಮೇಲೆ ಕೈ ಇಟ್ಟ. ತಟ್ಟಲಿಲ್ಲ, ಸವರಿದ. “ಅಕ್ಕಾ, ಮುಂದಿನ ಸಲ ಹೋಗುವಾಗ ನಂಗೂ ಒಂದು ಮಾತು ಹೇಳು,” ಎಂದು ಖಾಲಿ ಡಬ್ಬಿ ಹಿಡಿದು ಹೊರಟ.

ಭಾವ ಅಕ್ಕನ ಮುಖವನ್ನೇ ನೋಡುತ್ತಿದ್ದರು. ತೀರ್ಪು ಅವಳ ಬಾಯಿಂದ ಬರಬೇಕಿತ್ತಲ್ಲ.

ಅಕ್ಕ ಇಳಿಯಲಿಲ್ಲ. ತಲೆಗೂದಲು ಸರಿ ಮಾಡಿಕೊಂಡಳು. ಮುಖದ ಮೇಲಿನ ಕೆಸರನ್ನು ಒರೆಸಲು ಹೋಗಿ, ಬೇಡವೆಂದು ಬಿಟ್ಟಳು.

“ಯಾಕ್ರೀ ನಿಲ್ಸಿದ್ರಿ? ಸ್ಟಾರ್ಟ್ ಮಾಡಿ,” ಎಂದಳು. “ಕೆಳಗಿನ ಬೀದಿಯೋರು ಇನ್ನೂ ನೋಡಿಲ್ಲ. ಹಾರನ್ ಹೊಡ್ಕೊಂಡು ಹೋಗಿ, ನಿಧಾನಕ್ಕೆ.”